ಎಡಗೈಯ ಬಿಸಿಲು

ಅವರ ಎಡಗೈ ಬಲಗೈಗಿಂತ ಕಪ್ಪು. ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಬದನೆಕಾಯಿಯ ಸಿಪ್ಪೆಯಂಥ ಕಪ್ಪು. ಬಲಗೈ ಮಾತ್ರ ಸಾಧಾರಣ ಗೋಧಿ ಬಣ್ಣ. ನಮಸ್ಕಾರ ಮಾಡಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಂದೊಂದು ಕೈ ಕೊಟ್ಟಂತೆ ಕಾಣುತ್ತಿತ್ತು. ಮೊದಲ ದಿನ ನಾನು ಆ ಕೈಯನ್ನೇ ದಿಟ್ಟಿಸುವುದು ಕಂಡು, "ರೋಗ ಅಲ್ಲ ತಂಗಿ, ಬಿಸಿಲು" ಎಂದರು. ನಮ್ಮ ಡ್ರೈವರುಗಳಿಗೆ ಕಿಟಕಿಯ ಬಿಸಿಲು ಬೀಳುವುದು ಬಲಗೈ ಮೇಲೆ. ಇವರು ಆಯುಷ್ಯದ ಒಳ್ಳೆಯ ವರ್ಷಗಳನ್ನೆಲ್ಲ ಸ್ಟೇರಿಂಗ್ ಎಡಕ್ಕಿರುವ ಗಾಡಿಗಳಲ್ಲಿ ಕಳೆದವರು. ಇರಾನ್, ತುರ್ಕಿ, ಯುರೋಪು, ಆಮೇಲೆ ಆಫ್ರಿಕಾದ ಮರಳುಗಾಡು. ವಾಪಸು ಬಂದು ಡ್ರೈವಿಂಗ್ ಸ್ಕೂಲು ತೆರೆದರೆ, ಕಲಿಸುವವರ ಸೀಟೂ ಎಡಗಡೆಗೇ ಬಂತು. ಹಾಗಾಗಿ ಆ ಕೈಗೆ ಬಿಸಿಲು ತಪ್ಪಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ವರ್ತಕ ನಗರದ ನಮ್ಮ ಬಿಲ್ಡಿಂಗಿನಲ್ಲಿ ಅವರದು ನೆಲಮಹಡಿ, ನಮ್ಮದು ಎರಡನೆಯದು. ಅವರು ವಿಜಯಪುರದ ಕಡೆಯವರು, ನಾವು ಕುಂದಾಪುರದವರು. ಅಪ್ಪ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಮಾಸ್ತರು, ಅವರ ಹೆಂಡತಿ ನನಗೆ ಅಕ್ಕ. ನಾನು ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಯಾರದೋ ಛತ್ರಿಯ ತುದಿಯಿಂದ ಪಕ್ಕೆಗೆ ತಿವಿಸಿಕೊಂಡು ಹೋಗಿ, ಸಂಜೆ ಇನ್ನೊಂದು ಪಕ್ಕೆಗೆ ತಿವಿಸಿಕೊಂಡು ಬರುವುದು ನನಗೆ ಸಾಕಾಗಿ ಹೋಗಿತ್ತು. ಹಳಿ ಎಳೆದ ಕಡೆಗಲ್ಲದೆ, ಒಂದು ದಿನವಾದರೂ ನನಗೆ ಬೇಕಾದಲ್ಲಿ ತಿರುಗಬೇಕು ಅನ್ನಿಸುತ್ತಿತ್ತು. ಮಾಸ್ತರ ಹತ್ತಿರ ಹೆಸರು ಹಚ್ಚಿ ಬಂದೆ. ಅಮ್ಮ ಮೂಗು ಮುರಿದಳು. "ಮನ್ಯಗೆ ಒಂದ್ ಸೈಕಲ್ ಇಲ್ಲ, ಇವ್ಳಿಗೆ ಕಾರ್ ಬಿಡುಕ್ ಕಲೀಕಂಬ್ರ್!"

ಕುಳಿತಲ್ಲಿ ಕೂರುವ ಜಾಯಮಾನ ನನ್ನದೂ ಅಲ್ಲ. ಆದರೆ ಮಾಸ್ತರರ ಮುಂದೆ ನಾನು ಏನೂ ಅಲ್ಲ. ಚಹಾವನ್ನು ಅವರು ಕುಳಿತು ಕುಡಿದದ್ದು ನಾನು ನೋಡಿಲ್ಲ. ಬಾಗಿಲಲ್ಲಿ ನಿಂತು, ಒಂದು ಕಾಲು ಹೊರಗಿಟ್ಟೇ ಮುಗಿಸುತ್ತಿದ್ದರು. ಮಾತಾಡುವಾಗ ಜೇಬಿನಲ್ಲಿ ಕೀಲಿಗೊಂಚಲು ಆಡಿಸುತ್ತಲೇ ಇರುವರು. ಅವರ ಹಳೆಯ ಫಿಯಾಟು ಯಾವಾಗಲೂ ಮೂತಿಯನ್ನು ಗೇಟಿನ ಕಡೆಗೆ ಮಾಡಿ ನಿಂತಿರಬೇಕು. ನಾನು ಒಮ್ಮೆ ಸೋಮಾರಿತನದಿಂದ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಕ್ಕೆ ಮತ್ತೆ ತೆಗೆಸಿ, ತಿರುಗಿಸಿ ಹಚ್ಚಿಸಿದರು. "ಹೊಂಡೂ ಹೊತ್ತಿನ್ಯಾಗ ಹಿಂದ ಹಿಂದ ಹೋಗಬಾರದು" ಎಂದು ಅವರ ವಾದ. ಎಲ್ಲಿಗೆ ಹೊರಡಬೇಕಿತ್ತೋ ದೇವರೇ ಬಲ್ಲ.

ಅವರು ಮೊದಲ ಸಲ ಹೊರಟದ್ದೂ ಹಾಗೇ. ಗಲ್ಫಿಗೆ ಹೋಗಲೆಂದು ಪಾಸ್‌ಪೋರ್ಟು ಮಾಡಿಸಿಕೊಂಡು, ಅಲ್ಲಿಯವರೆಗೆ ಖಂಡಾಲಾ ಘಾಟಿಯಲ್ಲಿ ಲಾರಿ ಹೊಡೆಯುತ್ತಿದ್ದರಂತೆ. ದಾರಿಯಲ್ಲಿ ವಿದೇಶಿ ಪ್ರವಾಸಿಗಳ ಒಂದು ಬಸ್ಸು ಕೆಟ್ಟು ನಿಂತಿತ್ತು. ರಿಪೇರಿಗೆ ಕೈಹಚ್ಚಿದರು. ಬಸ್ಸು ಸರಿಯಾಯಿತು, ಅದರ ಡ್ರೈವರ್ ಮಾತ್ರ ಕಾಮಾಲೆಯಿಂದ ಹಳದಿಯಾಗಿ ಮಲಗಿದ್ದ. ಗಡಿ ಮುಟ್ಟಿಸಿಕೊಡು ಎಂದು ಪ್ರವಾಸಿಗಳು ಕೇಳಿಕೊಂಡರು. "ಗಡಿ ತನಕ ಅಂತ ಹ್ವಾದೆ. ಗಡಿ ಆಚಿಗೆ ಮತ್ತೂ ರಸ್ತೆ ಇತ್ತು" ಎಂದು ಮಾಸ್ತರು ಏನೂ ಆಗದವರಂತೆ ಹೇಳುತ್ತಿದ್ದರು. ಹೊಸದಾಗಿ ಮದುವೆಯಾದ ಅಕ್ಕನಿಗೆ ಹದಿನೈದು ದಿನವೆಂದು ಹೇಳಿ ಕಳಿಸಿದ್ದರು. ಮರಳಿ ಬರುವಷ್ಟರಲ್ಲಿ ಅವರು ಹಚ್ಚಿದ್ದ ಬೇವಿನ ಸಸಿ ಮನೆಯ ಮಾಡು ಮುಟ್ಟಿತ್ತಂತೆ. ಆಮೇಲೂ ಹೋದರು, ಮತ್ತೆ ಹೋದರು. ಅಕ್ಕ ಫಿಯಾಟಿನಲ್ಲಿ ಎಂದೂ ಮುಂದೆ ಕೂರುತ್ತಿರಲಿಲ್ಲ. ಕೇಳಿದರೆ, "ಅದು ನನ್ನ ಸವತಿ ಜಾಗಾ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನಗು ಕಡಿಮೆ ಇರುತ್ತಿತ್ತು.

ಕಲಿಸಲು ನನ್ನನ್ನು ಸಾನಪಾಡಾಕ್ಕೆ ಕರೆದೊಯ್ಯುತ್ತಿದ್ದರು. ಆಗ ಅಲ್ಲಿ ರಸ್ತೆಗಳು ಬಂದಿದ್ದವು, ಜನ ಇನ್ನೂ ಬಂದಿರಲಿಲ್ಲ. ಮಾಸ್ತರಿಗೆ ಆ ಅಗಲ ರಸ್ತೆ ಕಂಡರೆ ಸಾಕು, ಮಾತು ಎಲ್ಲೆಲ್ಲೋ ಓಡುತ್ತಿತ್ತು. ಜಕಾತ್ ನಾಕಾದ ಸುಂಕದ ಕಟ್ಟೆಯಲ್ಲಿ ಪೊಲೀಸರು ತಡೆದರೆ, "ಗಡಿ ಬಂತು. ಎಂಜಿನ್ ಬಂದ್ ಮಾಡು, ಮಾರಿ ಮ್ಯಾಲ ನಗು ಚಾಲೂ ಮಾಡು" ಎನ್ನುವರು. ಪೆಟ್ರೋಲಿನ ಮುಳ್ಳು ಇಳಿದರೆ, "ರಸ್ತೆ ಎಂದೂ ಮುಗಿಯೂದಿಲ್ಲ ತಂಗಿ, ಪೆಟ್ರೋಲ್ ಮುಗೀತೈತಿ" ಎಂದು ನಿಜವಾಗಿಯೂ ನೊಂದುಕೊಳ್ಳುವರು. ಒಮ್ಮೆ ತುರ್ಕಿಯ ಹಿಮದ ಘಾಟಿ ಇಳಿಯುವ ಕತೆಯಲ್ಲಿ ಮೈಮರೆತು "ಬಲಕ್ಕ ಹಿಡಿ, ಬಲಕ್ಕ" ಎಂದರು. ನಾನು ವಿಧೇಯಳಾಗಿ ಹಿಡಿದೆ. ಎದುರಿನಿಂದ ಬಸ್ಸು ಹಾರ್ನ್ ಬಾರಿಸುತ್ತ ಬಂದಾಗ ಜೀವ ಬಾಯಿಗೆ ಬಂತು. ಅವರು ತಮ್ಮ ಕಡೆಯ ಬ್ರೇಕು ತುಳಿದು, ಗಾಡಿಯನ್ನು ಬದಿಗೆ ತೆಗೆಸಿ, ಹೊಟ್ಟೆ ಹಿಡಿದು ನಕ್ಕರು.

ಇನ್ನೊಂದು ದಿನ ಅವರು ನಗಲಿಲ್ಲ. ಪಾವ್ ಮಾರುವವನ ಸೈಕಲ್ಲು ಎಡಗಡೆಯಿಂದ, ಅವರ ಕಿಟಕಿಯ ಪಕ್ಕದಿಂದಲೇ ಅಡ್ಡ ಬಂತು. ನಾನೇ ಬ್ರೇಕು ಒತ್ತಿದೆ. ಮಾಸ್ತರು ನನ್ನತ್ತ ತಿರುಗಿ, "ಯಾಕ ನಿಲ್ಲಿಸಿದಿ?" ಎಂದು ಕೇಳಿದರು. ಸೈಕಲ್ಲಿನವನು ಅವರ ಮಗ್ಗುಲಲ್ಲೇ ನಿಂತು ಬೈಯುತ್ತಿದ್ದ. ಇವರಿಗೆ ಬದಿಯದೇನೂ ಕಾಣುತ್ತಿಲ್ಲ ಎಂದು ಆ ಕ್ಷಣ ನನಗೆ ಗೊತ್ತಾಯಿತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಗೊತ್ತೈತವಾ. ಅವರ ಬಾಯಿಂದ ಬರ್ಲಿ ಅಂತ ಕಾಯ್ಲಿಕತ್ತೀನಿ" ಎಂದರು.

ಅದೇ ಚಳಿಗಾಲದಲ್ಲಿ ಆ ವಿದೇಶಿ ಗಂಡಹೆಂಡತಿ ಬಂದರು. ಅವರ ದೊಡ್ಡ ವ್ಯಾನು ಸಾನಪಾಡಾದ ಗ್ಯಾರೇಜಿನಲ್ಲಿ ದುರಸ್ತಿಗೆ ನಿಂತಿತ್ತು. ಪಾಕಿಸ್ತಾನ, ಇರಾನು, ತುರ್ಕಿ ದಾಟಿ, ಅಲ್ಲಿಂದ ಕೆಳಗಿಳಿದು ಆಫ್ರಿಕಾದ ತುದಿ ಮುಟ್ಟುವ ಹಟ ಅವರದು. ಗಂಡನ ಭುಜಕ್ಕೆ ಪೆಟ್ಟಾಗಿ, ರಸ್ತೆ ಬಲ್ಲ ಡ್ರೈವರನೊಬ್ಬ ಬೇಕಾಗಿದ್ದ. ಗ್ಯಾರೇಜಿನವನು ಮಾಸ್ತರರನ್ನು ತೋರಿಸಿದ. ಮಾಸ್ತರು ಹೂಂ ಎಂದು ಬಂದರು. ಆ ಸಂಜೆ ಅವರ ಮುಖ ನೋಡಬೇಕಿತ್ತು, ಮದುವೆ ಗೊತ್ತಾದ ಹುಡುಗನ ಹಾಗೆ! ಆ ಕಣ್ಣಿನಲ್ಲಿ ಹೊರಟರೆ ತಾವೂ ಸಾಯುತ್ತಾರೆ, ಆ ಪಾಪದ ಜೋಡಿಯನ್ನೂ ಸಾಯಿಸುತ್ತಾರೆ. ಹೇಳುವ ಧೈರ್ಯ ಯಾರಿಗಿದೆ?

ಅಕ್ಕನಿಗಿತ್ತು. ಆದರೆ ಅವರು ಬೇಡ ಅನ್ನಲಿಲ್ಲ. "ಹೋಗ್ರಿ. ಹೋಗೂಕಿಂತ ಮದಲ ನನ್ನ ಬಾಜೂಕ ಕೂಡಿಸಿಕೊಂಡು ಮುಂಬ್ರಾ ತನಕ ಹೋಗಿ ಬರ್ರಿ. ಅಷ್ಟ ಸಾಕು" ಎಂದರು.

ಮಾರನೆಯ ಭಾನುವಾರ ಮಾಸ್ತರು ಸ್ಟೇರಿಂಗಿಗೆ ಕುಳಿತರು. ಅಕ್ಕ ಜರಿ ಅಂಚಿನ ಇಲಕಲ್ ಸೀರೆ ಉಟ್ಟು ಮೊದಲ ಸಲ ಮುಂದಿನ ಸೀಟಿಗೆ ಬಂದರು, ನನ್ನನ್ನು ಹಿಂದೆ ಕೂರಿಸಿದರು. ಕಳವಾ ಸೇತುವೆ ದಾಟಿದೆವು. ಆಮೇಲೆ ಅಕ್ಕ ಮೆಲ್ಲಗೆ ಸುರುಮಾಡಿದರು.

"ಎಡಕ್ಕ ಸೈಕಲ್ ಐತಿ."

"ಕಂಡೀನಿ."

"ಬಲಕ್ಕ ರಿಕ್ಷಾ ಬಂತು."

"ಹೂಂ."

"ಎಡಕ್ಕ ಒಬ್ಬಾಕಿ, ಕಂಕುಳಾಗ ಕೂಸು."

ಮಾಸ್ತರು ಗಾಡಿಯನ್ನು ಬಲಕ್ಕೆ ತೆಗೆದರು. ಹೀಗೇ ಮುಂಬ್ರಾದ ಸಂದಣಿಯನ್ನು ಅಕ್ಕನ ಮಾತಿನ ಮೇಲೆ ದಾಟಿದೆವು. ಗುಡ್ಡದ ಕೆಳಗೆ ರಸ್ತೆ ಖಾಲಿಯಾಯಿತು. ಎಡಬದಿಗೆ ಒಂದು ಖಾಲಿ ಕೈಗಾಡಿ ನಿಂತಿತ್ತು, ಹತ್ತಿರ ಒಬ್ಬ ಮನುಷ್ಯನೂ ಇರಲಿಲ್ಲ. ಅಕ್ಕ ಅದನ್ನು ನೋಡಿದರು. ಬಾಯಿ ಬಿಡಲಿಲ್ಲ. ನಾನು ಕೂಗುವ ಮೊದಲೇ ಎಡಗಡೆಯ ಕನ್ನಡಿ ಪಟಾರೆಂದು ಒಡೆದು ರಸ್ತೆಗೆ ಬಿತ್ತು.

"ಈ ಸಲ ನಾ ಹೇಳ್ಲಿಲ್ಲ ನೋಡ್ರಿ" ಎಂದರು ಅಕ್ಕ.

ಮಾಸ್ತರು ಗಾಡಿ ನಿಲ್ಲಿಸಿದರು. "ಯಾವಾಗಿಂದ ಗೊತ್ತೈತಿ ನಿನಗ?"

"ಎಡಕ್ಕಿಟ್ಟ ಚಹಾದ ಕಪ್ಪು ಕೈಯಾಡಿಸಿ ಹುಡುಕ್ಲಿಕ್ಕ ಹತ್ತಿದಾಗಿಂದ."

"ಕಾಚಬಿಂದು ಅಂದ ಡಾಕ್ಟರ್. ಮೋತಿಬಿಂದಿನಂಗ ಪೊರಿ ಅಲ್ಲ, ತೆಗೀಲಿಕ್ಕ ಬರೂದಿಲ್ಲ. ಹೋದದ್ದು ತಿರುಗಿ ಬರೂದಿಲ್ಲಂತ." ಸ್ವಲ್ಪ ಹೊತ್ತು ಸ್ಟೇರಿಂಗನ್ನೇ ಉಜ್ಜುತ್ತಿದ್ದರು. ಆಮೇಲೆ ಹುಡುಗನ ದನಿಯಲ್ಲಿ, "ನೀ ಹಿಂಗ ಬಾಜೂಕ ಕೂತು ಹೇಳ್ಕೋತ ಬಂದ್ರ, ಆಫ್ರಿಕಾ ತನಕಾನೂ ಹೊಡೀತೀನಿ ನಾ" ಎಂದರು.

ಅಕ್ಕ ಗುಡ್ಡದ ಕಡೆ ನೋಡಿದರು. "ಅವತ್ತ ಕರೀಬೇಕಾಗಿತ್ತು" ಎಂದರು.

ಮಾಸ್ತರು ಇಳಿದು, ಒಡೆದ ಕನ್ನಡಿಯ ಚೂರುಗಳನ್ನು ಚಪ್ಪಲಿಯಿಂದ ಬದಿಗೆ ಸರಿಸಿ, ಹಿಂದಿನ ಬಾಗಿಲು ತೆರೆದು ನನ್ನ ಪಕ್ಕ ನಿಂತರು. "ತಂಗಿ, ನೀ ಹೊಡಿ." ನಾನು ಮುಂದೆ ಹೋದೆ. ಕ್ಲಚ್ಚು ತುಳಿದು, ಅಲ್ಲಿಂದಲೇ ಗಾಡಿ ತಿರುಗಿಸಿ ಮನೆಗೆ ತಂದೆ.

ವಿದೇಶಿ ಜೋಡಿ ಬೇರೆ ಡ್ರೈವರನನ್ನು ಹುಡುಕಿಕೊಂಡು, ನಾಸಿಕದ ಹೆದ್ದಾರಿ ಹಿಡಿದು ಹೊರಟಿತು. ಅಕ್ಕ ಅವರಿಗೆ ಡಬ್ಬಿ ತುಂಬ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಕಟ್ಟಿಕೊಟ್ಟರು. "ನಾ ಹ್ವಾಗದಿದ್ರೇನು, ನಮ್ಮನಿ ಹಿಂಡಿ ಆಫ್ರಿಕಾ ನೋಡ್ತದ" ಎಂದು ಮಾಸ್ತರು ತಮಾಷೆ ಮಾಡಿ, ವ್ಯಾನು ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ಆ ವಾರವೇ ಸ್ಕೂಲಿನ ಬೋರ್ಡು ಇಳಿಸಿದರು. ಗಾಡಿಯನ್ನು ಮಾತ್ರ ಮಾರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ. ಬರುವ ಹೋಗುವವರನ್ನೆಲ್ಲ ಎಲ್ಲಿಂದ ಬಂದಿರಿ, ಯಾವ ರಸ್ತೆ ಹಿಡಿದಿರಿ ಎಂದು ಕೇಳಿ ತಲೆ ತಿನ್ನುತ್ತಿದ್ದರು. ನನಗೂ ಕೆಲವೊಮ್ಮೆ ಸಿಟ್ಟು ಬರುತ್ತಿತ್ತು. ಭಾನುವಾರ ನಾನು ಫಿಯಾಟು ತೆಗೆಯುತ್ತಿದ್ದೆ. ಅಕ್ಕ ಮುಂದೆ, ಅವರು ಹಿಂದೆ ಕಣ್ಣು ಮುಚ್ಚಿ. ಡೊಂಬಿವಲಿಗೋ ಪನವೇಲಿಗೋ ಹೋಗಿ ಬರುತ್ತಿದ್ದೆವು. ಮುಂಬ್ರಾದ ಆ ದಾರಿಗೆ ಮಾತ್ರ ಅಕ್ಕ ಬೇಡ ಎನ್ನುತ್ತಿದ್ದರು. ರಸ್ತೆ ಕುಲುಕಿದರೆ ಹಿಂದಿನಿಂದ ದನಿ ಬರುತ್ತಿತ್ತು: "ಇದು ಸುಡಾನ್ ಅದ, ಗೇರ್ ಇಳಸು." ನಾನು ಇಳಿಸುತ್ತಿದ್ದೆ.

ಆ ದಶಕ ಮುಗಿಯುವ ಮೊದಲೇ, ಒಂದು ಬೇಸಿಗೆಯ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಕೆಳಗೆ ಓಡಿ ಬರುವಷ್ಟರಲ್ಲಿ ಅವರ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು. ಹಿಂದಿನ ಸೀಟಿನಲ್ಲಿ ಕುಳಿತು ಕುಳಿತು ಆ ಎಡಗೈ ಯಾವಾಗ ಬಿಳಿಚಿಕೊಂಡಿತೋ ನಾನು ನೋಡಿರಲೇ ಇಲ್ಲ. ಅದುವರೆಗೆ ತಡೆದಿದ್ದ ನನಗೆ ಆಗ ಅಳು ಒತ್ತರಿಸಿ ಬಂತು.

ಇವತ್ತು ನನ್ನದೇ ಕಾರಿದೆ. ಎಲ್ಲೆಲ್ಲೋ ಓಡಿಸಿದ್ದೇನೆ, ಎಲ್ಲಿ ನಿಲ್ಲಿಸಿದರೂ ಮೂತಿ ಹೊರಗೇ ಮಾಡುತ್ತೇನೆ. ಆ ಋಣ ತೀರಿಸಲು ನನಗೆ ಬರುವುದಿಲ್ಲ. ಸ್ವಲ್ಪವಾದರೂ ತೀರಿತು ಅನ್ನಿಸಿದ್ದು ಒಂದೇ ದಿನ.

ಮಾಸ್ತರರ ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕ ಬೆಳಿಗ್ಗೆ ಮೇಲೆ ಬಂದು, "ಗಾಡಿ ತಗೀ" ಎಂದರು. ಮುಂಬ್ರಾ ಕಡೆ ನಡಿ ಎಂದರು. ಸಂದಣಿ ದಾಟಿ ಗುಡ್ಡದ ಕೆಳಗೆ ಬಂದಾಗ ನಿಲ್ಲಿಸಲು ಹೇಳಿದರು.

"ಇಲ್ಲೇ ಅಲ್ಲೇನು ಅವರನ್ನ ನಾ ತಿರುಗಿಸಿದ್ದು?"

"ಹೌದಕ್ಕ."

"ಆ ವ್ಯಾನ್ ಹ್ವಾದ ರಸ್ತೆ ಯಾವ ಕಡೆ ಬರ್ತದ?"

"ಹೀಗೇ ಮುಂದೆ ಹೋಗಿ ಎಡಕ್ಕೆ ತಿರುಗಿದರೆ ಕಲ್ಯಾಣ, ಆಮೇಲೆ ನಾಸಿಕದ ಹೆದ್ದಾರಿ ಸಿಗುತ್ತದೆ."

"ನಡಿ ಮತ್ತ."

"ಎಲ್ಲಿಯ ತನಕ ಅಕ್ಕಾ?"

"ಪೆಟ್ರೋಲ್ ಇರೂ ತನಕ."

ನಾನು ಗೇರು ಹಾಕಿದೆ. ಅಕ್ಕ ಕಿಟಕಿಯ ಗಾಜು ಪೂರ್ತಿ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಳೆ ಇಲ್ಲದ ಎಡಗೈಯನ್ನು ಹೊರಗೆ ಬಿಸಿಲಿಗೆ ಇಟ್ಟರು.