ಮುಕ್ಕಾಲು ಸೇರು ಬೆಲ್ಲ

ಕಂಪ್ಲಿಯ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದಾಗ, ಕಾಲು ಮುಕ್ಕಾಲಿನ ಮಗ್ಗಿಯಲ್ಲಿ ನನ್ನನ್ನು ಮೀರಿಸುವ ಗಂಡು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಪ್ರತಿ ಸಂತೆಗೂ ಒಂದೂವರೆ ಆಣೆ ಕೊಟ್ಟು ಮುಕ್ಕಾಲು ಸೇರು ಒಯ್ಯುತ್ತಿದ್ದ ಮೆಟ್ರಿಯ ಮುದುಕಿ ಅವತ್ತು, “ಅದರಾಗ ಅರ್ಧಕ್ಕ ಎಷ್ಟಾಕ್ಕೈತಪ್ಪಾ?” ಎಂದಳು.

“ಕಾಲು ಸೇರು, ಮ್ಯಾಲೊಂದು ಅರೆಕಾಲು. ಮುಕ್ಕಾಲಾಣೆ ಕೊಡವ್ವ,” ಎಂದು ಥಟ್ಟನೆ ಹೇಳಿ, “ಯಾಕ, ಅಜ್ಜಗ ಸಿಹಿ ಬ್ಯಾಡಾತೇನು?” ಎಂದು ನಕ್ಕೆ.

“ಹೋದ ವಾರ ಮಣ್ಣು ಮಾಡಿದ್ವಪ್ಪ.”

ನಾನು ಅರ್ಧ ತೂಗಿದೆ. ತಕ್ಕಡಿಯಲ್ಲಿದ್ದ ಆ ಸಣ್ಣ ಚೂರನ್ನು ಅವಳು ಬಹಳ ಹೊತ್ತು ನೋಡಿದಳು.

“ಬ್ಯಾಡ, ಮೊದಲಿನಷ್ಟೇ ಹಾಕು. ಅವನ ಪಾಲು ಎಡಿ ಇಡಾಕ ಬೇಕು.”

ಹಾಕಿದೆ. ಎಷ್ಟಾಯಿತೆಂದು ಹೇಳಲು ಬಾಯಿ ಬರಲಿಲ್ಲ. ಮಗ್ಗಿ ಮರೆತೆನೆಂದು ಮಾತ್ರ ಯಾರೂ ತಿಳಿಯಬೇಡಿ.