ಅತ್ತೆಯ ಸೈಕಲ್ಲೂ ಬಂಗಡೆ ಸಾರೂ

ಸ್ನೇಹಿತರೇ, ನಮ್ಮ ಅತ್ತೆ ಬಾಯಿ ಮುಚ್ಚಿದ್ದನ್ನು ಇವತ್ತು ಮೊದಲ ಸಲ ಕಂಡೆ. ಹೊನ್ನಾವರದಲ್ಲಿ ಮೀನು ಮಾರುವ ಅವರಿಗೆ ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯ, ಶ್ವಾಸಕೋಶದ ಪರೀಕ್ಷೆಗೆಂದು ಕುಮಟಾದ ಆಸ್ಪತ್ರೆಯಲ್ಲಿ ಮೂಗು-ಬಾಯಿಗೆ ಮಾಸ್ಕ್ ಬಿಗಿದು, ನಿಂತಲ್ಲೇ ತುಳಿಯುವ ಸೈಕಲ್ ಹತ್ತಿಸಿದರು. ಮಾತಾಡುವಂತಿಲ್ಲ. ಅತ್ತೆ ಗಾಳಿ ಸೇವನೆಗೆ ಹೊರಟವರಂತೆ ತುಳಿದರು.

"ನಾಡಿ ಏರ್ತಾನೇ ಇಲ್ಲ, ಅದು ಏರದೆ ಪರೀಕ್ಷೆ ಮುಗಿಯೂದಿಲ್ಲ. ಹೀಗಾದ್ರೆ ಇನ್ನೊಂದಿನ ಬರ್ಬೇಕಾಗ್ತದೆ," ಎಂದ ಟೆಕ್ನಿಷಿಯನ್.

ಮತ್ತೆ ಬರುವುದೇ? ನಾನು ಅತ್ತೆಯ ಕಿವಿಯ ಹತ್ತಿರ ಹೋದೆ. "ಅತ್ತೆ, ಎಂತದೇ ಹೇಳಿ, ಬಂಗಡೆ ಸಾರು ಅಂದ್ರೆ ತೆಂಗಿನಗುಂಡಿಯ ನಿಮ್ಮ ನಾದಿನಿದೇ. ನಿಮ್ಗೆ ಆ ರುಚಿ ಬರೂದಿಲ್ಲ."

ಅತ್ತೆಯ ಕಣ್ಣು ಕೆಂಪಾಯಿತು. ಬಾಯಿ ತೆರೆಯುವ ಹಾಗಿಲ್ಲವಲ್ಲ, ಸಿಟ್ಟೆಲ್ಲ ಪೆಡಲ್ಲಿಗೆ ಇಳಿಯಿತು.

"ಆತು, ಆತು! ಸಾಕು, ನಿಲ್ಸಿ!" ಎಂದು ಟೆಕ್ನಿಷಿಯನ್ನೇ ಕೂಗಿದ.

"ಈ ವಯಸ್ಸಿನ ಆರೋಗ್ಯವಂತರಿಗೆ ಹೃದಯ, ಶ್ವಾಸಕೋಶದ ಶಕ್ತಿ ಎಷ್ಟಿರಬೇಕೋ ಅಷ್ಟೇ ಇದೆ. ಎಲ್ಲ ನಾರ್ಮಲ್," ಎಂದರು ಡಾಕ್ಟರು.

ಮಾಸ್ಕ್ ತೆಗೆದ ಮೇಲೂ ಅತ್ತೆ ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ ಬಂಗಡೆ ಸಾರು ಮಾಡಿ ಎಲ್ಲರಿಗೂ ಬಡಿಸಿದರು. ನನ್ನ ತಟ್ಟೆಯ ಹತ್ತಿರ ಬಂದಾಗ ಮಾತ್ರ ಸೌಟು ನಿಂತಿತು.

"ನಿಂಗೆ ತೆಂಗಿನಗುಂಡಿಂದ ಬತ್ತದೆ."

ಅತ್ತೆಯ ರಿಪೋರ್ಟ್ ನಾರ್ಮಲ್. ನಾನು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಇದನ್ನು ಬರೆಯುತ್ತಿದ್ದೇನೆ.