ಜ್ವರದಾಗ ಬಂದ ತಂಗಿ

ಸವಣೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗಿನ ಮಾತಿದು. ನನ್ನೂರು ತಿಳವಳ್ಳಿ ಕಡೆಯ ಒಂದು ಹಳ್ಳಿ. ನಾನು ನರ್ಸಿಂಗ್ ಓದುತ್ತಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅಣ್ಣ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಆರಾಮ ಅದಿಯೇನು, ಆರಾಮ ಅದೇನಿ, ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ವೀಳ್ಯದೆಲೆ ತೋಟದ ಹಾದಿಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದರೆ ಬೆಳಿಗ್ಗೆ ಚಹಾ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಆಸ್ಪತ್ರೆಯಲ್ಲಿ ದಿನವಿಡೀ ಜನ ಸಿಸ್ಟರ್, ಸಿಸ್ಟರ್ ಎಂದು ಕರೆಯುತ್ತಿದ್ದರು. ಖೋಲಿಗೆ ಬಂದ ಮೇಲೆ ನನ್ನನ್ನು ಏನೆಂದೂ ಕರೆಯುವವರು ಇರಲಿಲ್ಲ.

ಆ ಊರಲ್ಲಿ ಖಾರಾ ಎಂಬ ಕುರುಕಲು ತಿಂಡಿ ಕರಿದು ಮಾರುವ ಒಬ್ಬ ಹೆಂಗಸಿದ್ದಳು. ಪೇಟೆಯಲ್ಲಿ ಸಣ್ಣದೊಂದು ಅಂಗಡಿ. ಗಂಡ ಹೋದ ಮೇಲೆ ತಾನೇ ಕರಿದು ತಾನೇ ಮಾರುತ್ತಿದ್ದಳು. ಮಕ್ಕಳಿರಲಿಲ್ಲ. ನಾನೂ ಆಗೀಗ ಅಲ್ಲಿಂದ ಖಾರಾ ಒಯ್ಯುತ್ತಿದ್ದೆ, ಆದರೆ ಕೊಳ್ಳುವ ಕೊಡುವ ಮಾತು ಬಿಟ್ಟು ಬೇರೆ ಮಾತಾಡಿದ್ದಿಲ್ಲ.

ಒಂದು ಮುಂಜಾನೆ ಪಕ್ಕದ ಅಂಗಡಿಯ ಮುದುಕ ಆಕೆಯನ್ನು ಆಟೋದಲ್ಲಿ ಕರೆತಂದ. "ಮೊನ್ನೆ ಕೈಮ್ಯಾಲೆ ಎಣ್ಣಿ ಸಿಡದೈತ್ರಿ. ಅರಿಷಿಣಾ ಹಚ್ಚಿ ಅರಿವಿ ಕಟ್ಕೊಂಡಿದ್ಲು. ನಿನ್ನೆಯಿಂದ ಚಳಿಜ್ವರ ಬಂದೈತಿ," ಎಂದು ಹೇಳಿ, ಅಂಗಡಿ ತೆರೆದಿಟ್ಟು ಬಂದಿದ್ದೇನೆಂದು ಹೊರಟುಹೋದ.

ಅರಿವೆ ಬಿಚ್ಚಿದೆ. ಸುಟ್ಟ ಗಾಯದಲ್ಲಿ ಕೀವು ತುಂಬಿತ್ತು. ಸುತ್ತಲಿನ ಕೆಂಪು ಮೊಣಕೈ ದಾಟಿ ಮೇಲೆ ಹೋಗಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಂಗೀ, ಯಾವಾಗ ಬಂದಿ?"

ನಮ್ಮ ಕಡೆ ಯಾರು ಯಾರನ್ನಾದರೂ ಹಾಗೆ ಕರೆಯುವುದುಂಟು. ನಾನು ಗಾಯ ತೊಳೆಯತೊಡಗಿದೆ.

"ಅವ್ವ ಉಂಡ್ಲೇನು?"

ನನ್ನ ಕೈ ನಿಂತಿತು. ಅವ್ವನ ಬಗ್ಗೆ ಯಾರಾದರೂ ನನ್ನನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಮರುಗಳಿಗೆಯಲ್ಲೇ, ಇದು ಬರೀ ಸುಟ್ಟ ಗಾಯದ ಕೇಸಲ್ಲ ಎಂದು ಹೊಳೆಯಿತು.

"ಅಕ್ಕಾ, ಇದು ಯಾವ ಊರ್ರೀ?" ಎಂದು ಕೇಳಿದೆ.

"ಇದೇನ್ ಕೇಳ್ತೀ? ನಮ್ಮ ಮನೀನ ಅಲ್ಲೇನು."

ಕುಳಿತಲ್ಲೇ ಕುಳಿತಿದ್ದರೂ ದಿಬ್ಬ ಹತ್ತಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಮೈ ಸುಡುತ್ತಿತ್ತು, ಬೆರಳ ತುದಿ ಮಾತ್ರ ತಣ್ಣಗೆ. ಉಗುರು ಒತ್ತಿ ಬಿಟ್ಟರೆ ಬಿಳಿಚಿದ್ದು ಮತ್ತೆ ಕೆಂಪಾಗಲು ಹೊತ್ತು ಹಿಡಿಯುತ್ತಿತ್ತು. ಸೀರೆ ಸರಿಸಿ ನೋಡಿದರೆ ಮೊಣಕಾಲ ಮೇಲೆ ನೀಲಿ ಬಲೆ ಹಾಸಿದ ಹಾಗೆ ಗೆರೆಗಳು. ನಾಡಿ ತೆಳ್ಳಗೆ ಓಡುತ್ತಿತ್ತು, ಬಿಪಿ ಬಹಳ ಕೆಳಗಿತ್ತು. ಡಾಕ್ಟರನ್ನು ಕರೆದೆ. ಅವರು ಸರತಿಯಲ್ಲಿದ್ದವರನ್ನು ಬಿಟ್ಟು ಬಂದರು, ನೋಡಿದವರೇ "ಸೆಪ್ಸಿಸ್. ತಡಾ ಮಾಡೂದು ಬ್ಯಾಡ," ಎಂದರು.

ಗಾಯದ ನಂಜು ರಕ್ತಕ್ಕೇರಿದೆ ಎಂದು ಜನ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ. ನಂಜಿನ ಜೊತೆ ಕಾದಾಡುವ ಮೈ ಹದ ತಪ್ಪಿ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಬಿಪಿ ಕುಸಿದು ಕಿಡ್ನಿಗೆ, ಮಿದುಳಿಗೆ ರಕ್ತ ಸಾಲುವುದಿಲ್ಲ. ಆಗ ಮನುಷ್ಯನಿಗೆ ತಾನೆಲ್ಲಿದ್ದೇನೆ, ಎದುರಿಗಿರುವವರು ಯಾರು ಎಂಬುದು ಕಲಸಿಹೋಗುತ್ತದೆ. ನನಗೆ ಸಿಕ್ಕ ಆ 'ತಂಗಿ' ಎಂಬ ಮಾತು ರೋಗದ ಲಕ್ಷಣವಾಗಿತ್ತು.

ಆಕ್ಸಿಜನ್ ಹಚ್ಚಿದೆ. ಪರೀಕ್ಷೆಗೆ ರಕ್ತ ತೆಗೆದು, ಕೂಡಲೇ ಆಂಟಿಬಯೋಟಿಕ್ ಕೊಟ್ಟು, ಸುಟ್ಟಿರದ ಕೈಗೆ ಸೂಜಿ ಹಾಕಿ ಸಲೈನ್ ಜೋರಾಗಿ ಬಿಟ್ಟೆ. ಮೂತ್ರದ ನಳಿಗೆ ಹಾಕಿದರೆ ಚೀಲಕ್ಕೆ ಇಳಿದದ್ದು ಕಡುಬಣ್ಣದ ನಾಲ್ಕು ಹನಿ. ಸಲೈನ್ ಹೋದರೂ ಬಿಪಿ ಏರಲಿಲ್ಲ. ಡಾಕ್ಟರು ಬಿಪಿ ಏರಿಸುವ ಔಷಧ ಶುರು ಮಾಡಿಸಿ, ಹುಬ್ಬಳ್ಳಿಗೆ ಕಳಿಸಬೇಕು ಎಂದರು. ಜೊತೆಗೆ ಹೋಗಲು ಆಕೆಯವರು ಯಾರೂ ಇರಲಿಲ್ಲ. ನಾನು ಹೋದೆ.

ಆಂಬುಲೆನ್ಸ್ ಶಿಗ್ಗಾಂವಿ ದಾಟಿ ಹೆದ್ದಾರಿಗೆ ಬಿತ್ತು. ಮೇಲಿಂದ ಮೇಲೆ ಹೇಳುತ್ತಲೇ ಬಂದೆ: ನಾನು ಆಸ್ಪತ್ರೆ ಸಿಸ್ಟರ್, ನಿಮ್ಮನ್ನ ಹುಬ್ಬಳ್ಳಿಗೆ ಕರ್ಕೊಂಡು ಹೊಂಟೇವಿ. ಅರಿವು ಕಲಸಿದವರಿಗೆ ಊರು, ಹೆಸರು, ಹೊತ್ತು ಹೇಳುತ್ತಿರಬೇಕೆಂದು ನಮಗೆ ಕಲಿಸಿದ್ದರು. ಆಕೆಗೆ ಅದು ಮುಟ್ಟಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಬಾಳ ದಿನಾ ಆತು ನೀ ಬಂದು."

"ಹೌದಕ್ಕಾ," ಎಂದುಬಿಟ್ಟೆ.

"ತೆಳ್ಳಗ ಆಗೀದಿ. ಸರಿಯಾಗಿ ಉಣಾಂಗಿಲ್ಲೇನು?"

"ಉಣ್ತೇನಕ್ಕ."

"ಸುಳ್ಳ ಹೇಳ್ತಿ. ಒಬ್ಬಾಕಿನ ಇದ್ದರ ಯಾರು ಅಡಗಿ ಮಾಡ್ತಾರ." ಉಸಿರಿಗಾಗಿ ಸ್ವಲ್ಪ ತಡೆದಳು. "ಬಿಟ್ಟು ಹೋಗಬ್ಯಾಡ."

"ಇಲ್ಲೇ ಅದೇನಿ."

ಒಂದು ಕೈ ಆಕೆಯ ಕೈಯಲ್ಲಿ, ಕಣ್ಣು ಮಾನಿಟರಿನ ಮೇಲೆ. ಆಕೆಯ ಅಕ್ಕರೆ ಹೆಚ್ಚಿದಷ್ಟೂ ನನಗೆ ಹೆದರಿಕೆ ಹೆಚ್ಚುತ್ತಿತ್ತು. ಆದರೂ ಇನ್ನೊಂದಿಷ್ಟು ಮಾತಾಡಲಿ ಅನ್ನಿಸುತ್ತಿತ್ತು. ಹುಬ್ಬಳ್ಳಿ ಹತ್ತಿರ ಬರುವಾಗ ಆಕೆ ಸುಮ್ಮನಾದಳು.

ದೊಡ್ಡಾಸ್ಪತ್ರೆಯಲ್ಲಿ ಏನೇನು ಕೊಟ್ಟಿದ್ದೇವೆಂದು ಐಸಿಯುದವರಿಗೆ ಹೇಳಿ ಒಪ್ಪಿಸಿದೆ. ಅವರು ಸ್ಟ್ರೆಚರ್ ಒಳಗೆ ತಳ್ಳಿಕೊಂಡು ಹೋದರು. ಬರುವಾಗ ಡ್ರೈವರ್ ಮುಂದೆ ಕೂಡ್ರಿ ಎಂದ. ನಾನು ಹಿಂದೆಯೇ ಕುಳಿತೆ.

ಆಮೇಲೆ ಆ ವಾರ್ಡಿಗೆ ಫೋನ್ ಮಾಡುತ್ತಿದ್ದೆ.

"ನೀವು ಅವರಿಗೇನಾಗಬೇಕ್ರಿ?" ಎಂದು ಕೇಳುತ್ತಿದ್ದರು.

"ಸವಣೂರ ಆಸ್ಪತ್ರೆ ಸಿಸ್ಟರ್ ರೀ."

ಕೊನೆಗೊಂದು ದಿನ ಅಲ್ಲಿಯ ನರ್ಸ್, "ಬಿಪಿ ಔಷಧ ಬಿಡಿಸೇವ್ರಿ. ಶುದ್ಧಿ ಬಂದೈತಿ, ಗಂಜಿ ಕುಡದಾರ," ಎಂದಳು. ಆ ಸಂಜೆ ನಾನೂ ಹೊಟ್ಟೆ ತುಂಬ ಉಂಡೆ.

ಕೈಗೆ ತೊಡೆಯ ಚರ್ಮ ಕಸಿ ಮಾಡಿದ ಮೇಲೆ ಡ್ರೆಸ್ಸಿಂಗಿಗಾಗಿ ಆಕೆ ನಮ್ಮಲ್ಲಿಗೇ ಬಂದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ, "ಸಿಸ್ಟರ್, ಇಲ್ಲೇ ಕುಂದರಲೇನ್ರಿ?" ಎಂದಳು. ಕಣ್ಣಲ್ಲಿ ಗುರುತೇನೂ ಇರಲಿಲ್ಲ.

"ಕೂಡ್ರಿ," ಎಂದೆ.

ಬ್ಯಾಂಡೇಜು ಬಿಚ್ಚುವಾಗ ತಾನಾಗಿ ಹೇಳತೊಡಗಿದಳು. "ಆ ಜ್ವರದಾಗಿಂದು ಏನೂ ನೆನಪಿಲ್ರಿ. ಒಂದ ನೆನಪೈತಿ. ನನ್ನ ತಂಗಿ ಬಂದು ಬಾಜೂಕ ಕುಂತಿದ್ಲು. ಆಕಿ ಲಗ್ನಾಗಿ ವರ್ಷದಾಗ ಸತ್ತಾಕಿ. ಗಾಡ್ಯಾಗ ಕೈ ಹಿಡಕೊಂಡು, ಇಲ್ಲೇ ಅದೇನಿ ಅಂದ್ಲು. ಅದಕ್ಕ ನಾ ಉಳದೆ ನೋಡ್ರಿ."

ಹೇಳಬಹುದಿತ್ತು. ಹೇಳಿದ್ದರೆ ಆಕೆಯ ತಂಗಿ ಇನ್ನೊಮ್ಮೆ ಸತ್ತಂತಾಗುತ್ತಿತ್ತು.

"ಹೌದೇನ್ರಿ," ಎಂದು ಹೊಸ ಗಾಜ್ ಇಟ್ಟೆ. "ಇನ್ನ ಗಾಯಾ ಕೆಂಪಾದ್ರ, ಜ್ವರ ಬಂದ್ರ ಮನ್ಯಾಗ ಕುಂದ್ರಬ್ಯಾಡ್ರಿ. ಅವತ್ತ ಬರ್ರಿ."

ಆಯ್ತ್ರಿ ಎಂದು ತಲೆಯಾಡಿಸಿ ಹೋದಳು.

ಮುಂದೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಹೊರಡುವ ದಿನ ಆಕೆಯ ಅಂಗಡಿಗೆ ಹೋಗಿ, ವರ್ಗದ ಸುದ್ದಿ ಹೇಳಿ ಖಾರಾ ಕೇಳಿದೆ. ಕಟ್ಟುತ್ತ, "ಅಲ್ಲೆ ನಿಮ್ಮವರು ಯಾರರ ಅದಾರೇನ್ರಿ?" ಎಂದಳು.

"ಯಾರೂ ಇಲ್ರಿ."

"ಮತ್ತ ಅಡಗಿ?"

"ನಾನ ಮಾಡ್ಕೊಂತೇನ್ರಿ."

ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ನಾನು ಬರ್ತೇನ್ರಿ ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.